ಹಳೆ ಕಾರಿನ ಹಿಂದಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕುವುದು: ಮೊದಲಿಂದ ಕೊನೆವರೆಗೆ

ಹಿಂದಿನ ಚಕ್ರಕ್ಕೆ ಡಿಸ್ಕ್ ಹಾಕಿದರೆ ಕಾರು ಇನ್ನೂ ಬೇಗ ನಿಲ್ಲುತ್ತದೆ ಎಂದುಕೊಂಡೇ ಹೆಚ್ಚಿನವರು ಈ ಕೆಲಸಕ್ಕೆ ಕೈ ಹಾಕುತ್ತಾರೆ. ಅಷ್ಟು ನಿರೀಕ್ಷೆ ಬೇಡ. ಬ್ರೇಕ್ ಒತ್ತಿದ ಕೂಡಲೇ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಇಂಜಿನ್ನೂ ಗೇರ್‌ಬಾಕ್ಸೂ ಮುಂದೆಯೇ ಇರುವ ಸಣ್ಣ ಕಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಸುಮಾರು ಮುಕ್ಕಾಲು ಪಾಲು ಕೆಲಸ ಮುಂದಿನ ಚಕ್ರಗಳದ್ದೇ. ಹಿಂದೆ ಏನೇ ಹಾಕಿದರೂ ಒಂದೇ ಸಲ ಬ್ರೇಕ್ ಒತ್ತಿ ನಿಲ್ಲಿಸುವ ದೂರದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ.

ಹಾಗಾದರೆ ಲಾಭ ಎಲ್ಲಿದೆ? ಉದ್ದನೆಯ ಇಳಿಜಾರಿನಲ್ಲಿದೆ. ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ, ಅಂದರೆ ಒಳಗಿನಿಂದ ಅದಕ್ಕೆ ಒತ್ತಿ ಹಿಡಿಯುವ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ಡಿಸ್ಕ್ ಬಿಸಿಯಾದರೆ ದಪ್ಪವಾಗಿ, ಅದನ್ನು ಎರಡೂ ಬದಿಯಿಂದ ಹಿಡಿಯುವ ಪ್ಯಾಡ್ ಕಡೆಗೇ ಬರುತ್ತದೆ. ನೀರಿನಲ್ಲಿ ಹೋದ ಮೇಲೆ ಡಿಸ್ಕ್ ತನ್ನಷ್ಟಕ್ಕೆ ನೀರು ಕೊಡವಿಕೊಳ್ಳುತ್ತದೆ. ಡ್ರಮ್ಮಿನೊಳಗೆ ನುಗ್ಗಿದ ನೀರು, ಧೂಳು ಅಲ್ಲೇ ಕೂರುತ್ತದೆ. ಇನ್ನೊಂದು ವಿಷಯ: ಡ್ರಮ್ಮಿನಲ್ಲಿ ಮುಂದಿನ ಶೂ ತಿರುಗುವ ಡ್ರಮ್ಮಿಗೆ ಸಿಕ್ಕಿ ತನ್ನನ್ನು ತಾನೇ ಇನ್ನಷ್ಟು ಒತ್ತಿಕೊಳ್ಳುತ್ತದೆ. ಹಾಗಾಗಿ ಶೂ ಮೇಲಿನ ಉಜ್ಜುವ ಪದರದ, ಅಂದರೆ ಲೈನಿಂಗ್‌ನ ಹಿಡಿತ ಸ್ವಲ್ಪ ಬದಲಾದರೂ ಬ್ರೇಕ್ ಬಹಳ ಬದಲಾಗುತ್ತದೆ. ಎಡಗಡೆ ಒಂದು ಥರ, ಬಲಗಡೆ ಇನ್ನೊಂದು ಥರ ಹಿಡಿಯುವ ಹಳೆ ಕಾರುಗಳನ್ನು ನೀವೂ ಓಡಿಸಿರುತ್ತೀರಿ, ಅಲ್ವಾ? ಡಿಸ್ಕಿನಲ್ಲಿ ಆ ಗುಣ ಇಲ್ಲ. ಎಷ್ಟು ಒತ್ತಿದರೆ ಅಷ್ಟೇ ಹಿಡಿಯುತ್ತದೆ.

ಹಾಗಂತ ಡ್ರಮ್ ಕೆಟ್ಟದ್ದಲ್ಲ. ಫೋಕ್ಸ್‌ವ್ಯಾಗನ್ ಐಡಿ.3, ಐಡಿ.4 ಎಂಬ ಹೊಸ ಎಲೆಕ್ಟ್ರಿಕ್ ಕಾರುಗಳ ಹಿಂದಿನ ಚಕ್ರಕ್ಕೂ ಡ್ರಮ್ಮೇ ಇದೆ. ನಿಮ್ಮ ಕಾರಿನ ಮುಂದಿನ ಪ್ಯಾಡ್ ಸವೆದಿದ್ದರೆ, ಬ್ರೇಕ್ ಆಯಿಲ್ ಕಪ್ಪಾಗಿದ್ದರೆ, ರಬ್ಬರ್ ಹೋಸ್ ಉಬ್ಬಿ ಬಿರುಕು ಬಿಟ್ಟಿದ್ದರೆ ಮೊದಲು ಅದನ್ನು ಸರಿ ಮಾಡಿ. ಬಹಳ ಜನ ಬಯಸುವ ಬ್ರೇಕ್ ಅಷ್ಟರಲ್ಲೇ ಸಿಕ್ಕಿಬಿಡುತ್ತದೆ. ಅದಾದ ಮೇಲೂ ಡಿಸ್ಕ್ ಬೇಕು ಅನ್ನಿಸಿದರೆ ಮುಂದೆ ಓದಿ.

ಬ್ರೇಕ್ ಕೆಲಸವನ್ನು ಇದೇ ಮೊದಲ ಸಲ ಮಾಡುವವರು ಇಲ್ಲಿಂದ ಶುರು ಮಾಡಬೇಡಿ. ಪ್ಯಾಡ್ ಬದಲಿಸಿ, ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ (ಏರ್) ತೆಗೆದು ಕೈ ಪಳಗಿದ ಮೇಲೆ ಇದಕ್ಕೆ ಬನ್ನಿ. ಜೊತೆಗೆ, ಬ್ರೇಕಿನ ವಿನ್ಯಾಸವನ್ನೇ ಬದಲಿಸುವ ಕೆಲಸ ಇದು. ನೀವಿರುವ ಕಡೆ ಇದಕ್ಕೆ ತಪಾಸಣೆ ಅಥವಾ ಒಪ್ಪಿಗೆ ಬೇಕಾ, ಇನ್ಶೂರೆನ್ಸ್‌ನವರಿಗೆ ತಿಳಿಸಬೇಕಾ ಎಂದು ಮೊದಲೇ ಕೇಳಿಕೊಳ್ಳಿ.

ಸಾಮಾನು ಎಲ್ಲಿಂದ ತರಬೇಕು

ಇಡೀ ಕೆಲಸದ ಸುಖ ದುಃಖ ಇರುವುದು ಇಲ್ಲಿ. ನಿಮ್ಮ ಕಾರಿನದೇ ಮೇಲ್ದರ್ಜೆಯ ಮಾಡೆಲ್, ಅಥವಾ ಅದೇ ಅಡಿಪಾಯದ ಮೇಲೆ ಕಟ್ಟಿದ ಅಕ್ಕ ತಂಗಿ ಕಾರು, ಹಿಂದೆ ಡಿಸ್ಕ್ ಜೊತೆ ಕಾರ್ಖಾನೆಯಿಂದಲೇ ಬಂದಿದೆಯಾ ನೋಡಿ. ಬಂದಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. 1992ರಿಂದ 2000ದ ಹೋಂಡಾ ಸಿವಿಕ್ ಇಟ್ಟುಕೊಂಡವರು ಹೋಂಡಾದ್ದೇ ಇಂಟೆಗ್ರಾ ಕಾರಿನಲ್ಲಿ ಹಿಂದಿನ ಚಕ್ರವನ್ನು ಹಿಡಿದಿರುವ ತೋಳನ್ನೇ (ಟ್ರೇಲಿಂಗ್ ಆರ್ಮ್) ಡಿಸ್ಕ್ ಸಮೇತ ತಂದು ಹಾಕುತ್ತಾರೆ. ಹಳೆ ಫೋಕ್ಸ್‌ವ್ಯಾಗನ್ ಗಾಲ್ಫ್ ಇಟ್ಟುಕೊಂಡವರು ಎರಡನೇ ತಲೆಮಾರಿನ ಜಿಟಿಐ ಮಾಡೆಲಿನ ಹಿಂದಿನ ಬ್ರೇಕ್ ಹುಡುಕುತ್ತಾರೆ.

ಹೀಗೆ ತರುವಾಗ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್, ಡಿಸ್ಕ್ ಎರಡೇ ತಂದು ಖುಷಿಪಡಬೇಡಿ. ಕ್ಯಾಲಿಪರ್ ಕೂರುವ ಬ್ರಾಕೆಟ್, ಅದರ ಬೋಲ್ಟುಗಳು, ಡಿಸ್ಕಿನ ಹಿಂದಿನ ತಗಡು, ಚಕ್ರ ಕೂರುವ ಹಬ್ ಅಥವಾ ಹಬ್ ತಿರುಗುವ ಸ್ಟಬ್ ಆಕ್ಸಲ್, ಎರಡೂ ಹ್ಯಾಂಡ್ ಬ್ರೇಕ್ ಕೇಬಲ್, ರಬ್ಬರ್ ಹೋಸ್, ಹೋಸ್ ಹಿಡಿಯುವ ಕ್ಲಿಪ್, ಹಿಂದಿನ ಚಕ್ರಕ್ಕೆ ಹೋಗುವ ಪ್ರೆಶರ್ ಕಡಿಮೆ ಮಾಡುವ ಪ್ರಪೋರ್ಷನಿಂಗ್ ವಾಲ್ವ್, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಇವಿಷ್ಟೂ ಒಂದೇ ಕಾರಿನಿಂದ ಬರಲಿ. ಒಂದು ಕ್ಲಿಪ್ಪನ್ನೂ ಬಿಡಬೇಡಿ. ಆ ಕಾರಿನ ಇಂಜಿನಿಯರುಗಳು ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಲೆಕ್ಕ ಹಾಕಿ ಇವೆಲ್ಲವನ್ನೂ ಜೋಡಿ ಮಾಡಿರುತ್ತಾರೆ. ನಾವು ತರುತ್ತಿರುವುದು ಆ ಲೆಕ್ಕವನ್ನು.

ಆದರೆ ಆ ಲೆಕ್ಕದಲ್ಲಿ ಮುಂದಿನ ಬ್ರೇಕೂ ಸೇರಿದೆ ಎಂಬುದು ನೆನಪಿರಲಿ. ಆ ಕಾರಿಗೆ ಮುಂದೆ ದೊಡ್ಡ ಡಿಸ್ಕ್ ಇದ್ದು, ನಿಮ್ಮದಕ್ಕೆ ಚಿಕ್ಕದಿದ್ದರೆ ಹಿಂದಿನ ಸೆಟ್ ಮಾತ್ರ ತಂದಾಗ ಹಿಂದಿನ ಪಾಲು ಜಾಸ್ತಿಯಾಗುತ್ತದೆ. ಹಾಗಿದ್ದಾಗ ಮುಂದಿನದನ್ನೂ ಸೇರಿಸಿಯೇ ಬದಲಿಸುವುದು ಒಳ್ಳೆಯದು.

ಕೊಳ್ಳುವ ಮುಂಚೆ ನಾಲ್ಕು ಅಳತೆ ನೋಡಿ. ಚಕ್ರದ ಬೋಲ್ಟುಗಳ ಸಂಖ್ಯೆ, ಅವುಗಳ ವೃತ್ತದ ಅಳತೆ ಎರಡೂ ನಿಮ್ಮ ಮುಂದಿನ ಚಕ್ರಕ್ಕೆ ಹೊಂದಬೇಕು. ನಿಮ್ಮ ರಿಮ್ಮಿನ ಒಳಗೆ ಕ್ಯಾಲಿಪರ್ ಹಿಡಿಸಬೇಕು. 12 ಅಥವಾ 13 ಇಂಚಿನ ರಿಮ್ ಇದ್ದರೆ ಇಲ್ಲೇ ಬಹಳ ಜನ ಸಿಕ್ಕಿಬೀಳುವುದು. ಡಿಸ್ಕಿನ ಟೋಪಿಯಂಥ ಭಾಗದ ದಪ್ಪ ಡ್ರಮ್ಮಿನ ಮುಖಕ್ಕಿಂತ ಜಾಸ್ತಿ ಇದ್ದರೆ ಚಕ್ರ ಅಷ್ಟು ಹೊರಗೆ ಬರುತ್ತದೆ, ನಟ್ ಹಿಡಿಯುವ ಥ್ರೆಡ್ ಕಡಿಮೆಯಾಗುತ್ತದೆ. ಕೊನೆಯದು ಡಿಸ್ಕಿನ ದಪ್ಪ. ಕನಿಷ್ಠ ಎಷ್ಟಿರಬೇಕು ಎಂದು ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಅದಕ್ಕೆ ಹತ್ತಿರ ಬಂದಿದ್ದರೆ ಹೊಸದು ತನ್ನಿ. ಪ್ಯಾಡ್ ಅಂತೂ ಹೊಸದೇ ಬೇಕು.

ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗುವುದು ನಿಂತು ಜಾರದಂತೆ (ಲಾಕ್ ಆಗದಂತೆ) ತಡೆಯುವ ಎಬಿಎಸ್ ಕಾರಿಗೆ ಇದ್ದರೆ ನನ್ನ ಸಲಹೆ ನೇರ: ಈ ಕೆಲಸ ಬಿಟ್ಟುಬಿಡಿ. ಎಬಿಎಸ್ ಪೆಟ್ಟಿಗೆಯೊಳಗಿನ ಲೆಕ್ಕ ಡ್ರಮ್ಮಿಗೆಂದು ಬರೆದದ್ದು. ಸೆನ್ಸರ್ ಹಲ್ಲಿನ ಸಂಖ್ಯೆಯಿಂದ ಹಿಡಿದು ಕಂಟ್ರೋಲ್ ಯೂನಿಟ್‌ವರೆಗೆ ಎಲ್ಲವೂ ಬದಲಾಗಬೇಕಾಗುತ್ತದೆ.

ಲೆಕ್ಕ: ಹಿಂದೆ ಎಷ್ಟು ಹಿಡಿಯಬೇಕು

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆದರೆ ಕಾರಿನ ಬಾಲ ಪಕ್ಕಕ್ಕೆ ಜಾರಿ, ಕಾರು ಗಿರಕಿ ಹೊಡೆಯುತ್ತದೆ. ಮುಂದಿನದು ಮೊದಲು ಲಾಕ್ ಆದರೆ ಸ್ಟೀರಿಂಗ್ ಕೇಳುವುದಿಲ್ಲ, ಆದರೆ ಕಾರು ನೇರ ಹೋಗುತ್ತದೆ. ಎರಡರಲ್ಲಿ ಎರಡನೆಯದು ಎಷ್ಟೋ ವಾಸಿ. ಅದಕ್ಕೇ ಎಲ್ಲ ಕಾರುಗಳಲ್ಲೂ ಮುಂದಿನದೇ ಮೊದಲು ಲಾಕ್ ಆಗುವಂತೆ ಮಾಡಿರುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಿಂದಿನ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 30 ಕೆಜಿ ಒತ್ತಡ ಬಂತು ಅನ್ನಿ. ಡ್ರಮ್ಮಿನೊಳಗೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ 17.5 ಮಿಲಿಮೀಟರ್ ಇದ್ದರೆ ಪಿಸ್ಟನ್ನಿನ ಮುಖ 2.4 ಚದರ ಸೆಂಟಿಮೀಟರ್. ಅಂದರೆ ಒಂದೊಂದು ಶೂ ಮೇಲೆ 72 ಕೆಜಿ ಒತ್ತು. ಶೂ ತನ್ನನ್ನು ತಾನೇ ಎಳೆದುಕೊಳ್ಳುವ ಗುಣದಿಂದ ಎರಡೂ ಶೂ ಸೇರಿ ಇದರ ಸುಮಾರು 2.2 ಪಟ್ಟು ಹಿಡಿತ ಕೊಡುತ್ತವೆ ಎಂದಿಟ್ಟುಕೊಳ್ಳಿ. 158 ಕೆಜಿ ಆಯ್ತು. 180 ಮಿಲಿಮೀಟರ್ ಡ್ರಮ್ಮಿನ ಅರ್ಧ ಅಗಲ 9 ಸೆಂಟಿಮೀಟರ್. ಎರಡನ್ನೂ ಗುಣಿಸಿದರೆ ಸುಮಾರು 1,420. ಚಕ್ರವನ್ನು ತಡೆಯುವ ಬಲದ ಅಳತೆ ಇದೇ.

ಈಗ ಡಿಸ್ಕ್. ಕ್ಯಾಲಿಪರ್ ಪಿಸ್ಟನ್ 30 ಮಿಲಿಮೀಟರ್ ಇದ್ದರೆ ಮುಖ 7.07 ಚದರ ಸೆಂಟಿಮೀಟರ್. ಒತ್ತು 212 ಕೆಜಿ. ಇಲ್ಲಿ ತಾನೇ ಎಳೆದುಕೊಳ್ಳುವ ಗುಣ ಇಲ್ಲ. ಪ್ಯಾಡಿನ ಘರ್ಷಣೆಯ ಗುಣಾಂಕ 0.4, ಎರಡು ಬದಿ, ಅಂದರೆ 0.8. ಹಿಡಿತ 170 ಕೆಜಿ. 240 ಮಿಲಿಮೀಟರ್ ಡಿಸ್ಕಿನಲ್ಲಿ ಪ್ಯಾಡಿನ ನಡು ಸುಮಾರು 10 ಸೆಂಟಿಮೀಟರ್ ದೂರದಲ್ಲಿರುತ್ತದೆ. ಗುಣಿಸಿದರೆ 1,700. ಡ್ರಮ್ಮಿಗಿಂತ 20 ಶೇಕಡ ಜಾಸ್ತಿ.

ಅದೇ ಜಾಗದಲ್ಲಿ 34 ಮಿಲಿಮೀಟರ್ ಪಿಸ್ಟನ್ ಇರುವ ಕ್ಯಾಲಿಪರ್ ಹಾಕಿದರೆ? ನೋಡಲು ನಾಲ್ಕೇ ಮಿಲಿಮೀಟರ್ ಹೆಚ್ಚು. ಆದರೆ ಲೆಕ್ಕ 2,180ಕ್ಕೆ ಏರುತ್ತದೆ. ಡ್ರಮ್ಮಿನ ಒಂದೂವರೆ ಪಟ್ಟು. ಮಳೆಯಲ್ಲಿ ಖಾಲಿ ಕಾರು ಓಡಿಸುತ್ತಾ ಬ್ರೇಕ್ ಒತ್ತಿದರೆ ಬಾಲ ಕೈಗೆ ಸಿಗುವುದಿಲ್ಲ. ಸುಮ್ನೆ ದೊಡ್ಡ ಕ್ಯಾಲಿಪರ್ ಹುಡುಕಬೇಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ನಿಮ್ಮ ಕಾರಿನ ಅಳತೆ ಹಾಕಿ ಇದೇ ರೀತಿ ಕಾಗದದ ಮೇಲೆ ಲೆಕ್ಕ ಮಾಡಿ. ಇದು ಅಂದಾಜು ಮಾತ್ರ, ಆದರೂ ದೊಡ್ಡ ತಪ್ಪನ್ನು ಮೊದಲೇ ತೋರಿಸುತ್ತದೆ.

ಹಿಂದಿನ ಲೈನಿಗೆ ತಿರುಗಿಸಿ ಹೊಂದಿಸುವ ವಾಲ್ವ್ ಹಾಕಿಬಿಟ್ಟರೆ ಆಯ್ತಲ್ಲ ಎನ್ನುವವರಿದ್ದಾರೆ. ಹಿಂದಿನ ಎರಡೂ ಚಕ್ರಕ್ಕೆ ಒಂದೇ ಪೈಪ್ ಹೋಗುವ ಕಾರಿನಲ್ಲಿ ಅದು ಸರಿ. ಆದರೆ ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಪೈಪ್ ಅಡ್ಡಡ್ಡ ಹೋಗಿರುತ್ತದೆ. ಎಡ ಮುಂದಿನ ಚಕ್ರ ಮತ್ತು ಬಲ ಹಿಂದಿನ ಚಕ್ರ ಒಂದು ಜೋಡಿ, ಉಳಿದೆರಡು ಇನ್ನೊಂದು ಜೋಡಿ. ಒಂದು ಜೋಡಿ ಸೋರಿದರೂ ಇನ್ನೊಂದು ಕಾರನ್ನು ನಿಲ್ಲಿಸಲಿ ಎಂದು ಹೀಗೆ ಮಾಡಿರುತ್ತಾರೆ. ಒಂದೇ ವಾಲ್ವಿನ ಆಸೆಗೆ ಆ ಎರಡು ಲೈನನ್ನು ಕೂಡಿಸಿದರೆ ಆ ರಕ್ಷಣೆಯೇ ಹೋಯಿತು. ದಯವಿಟ್ಟು ಹಾಗೆ ಮಾಡಬೇಡಿ. ಅಂಥ ಕಾರಿಗೆ ಡಿಸ್ಕ್ ಇದ್ದ ಮಾಡೆಲಿನ ಜೋಡಿ ವಾಲ್ವನ್ನೇ ತಂದು ಹಾಕಿ.

ಕೆಲವು ಕಾರುಗಳ ಹಿಂದಿನ ಆಕ್ಸಲಿಗೂ ಬಾಡಿಗೂ ನಡುವೆ ಒಂದು ಕಡ್ಡಿ ಅಥವಾ ಸ್ಪ್ರಿಂಗ್ ಕಟ್ಟಿದ ವಾಲ್ವ್ ಇರುತ್ತದೆ. ಹಿಂದೆ ಭಾರ ಹಾಕಿ ಕಾರು ಕೂತಾಗ ಅದು ಹಿಂದಕ್ಕೆ ಪ್ರೆಶರ್ ಜಾಸ್ತಿ ಬಿಡುತ್ತದೆ. ಕಾರಿನ ಎತ್ತರವನ್ನು ತಗ್ಗಿಸಿದ್ದರೆ ಈ ವಾಲ್ವ್ ಮೋಸ ಹೋಗುತ್ತದೆ. ಖಾಲಿ ಕಾರನ್ನೇ ತುಂಬಿದ ಕಾರು ಎಂದುಕೊಳ್ಳುತ್ತದೆ. ಆ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಲೇಬೇಕು.

ಮಾಸ್ಟರ್ ಸಿಲಿಂಡರ್ ಬಗ್ಗೆ ಎರಡು ಮಾತು. ಕೆಲವು ಹಳೆ ಕಾರುಗಳಲ್ಲಿ ಡ್ರಮ್ಮಿನ ಲೈನಿನಲ್ಲಿ ಸ್ವಲ್ಪ ಪ್ರೆಶರ್ ಯಾವಾಗಲೂ ಉಳಿಯುವಂತೆ ಒಂದು ಸಣ್ಣ ವಾಲ್ವ್ ಇರುತ್ತದೆ. ಡಿಸ್ಕ್ ಹಾಕಿದ ಮೇಲೆ ಅದು ಇರಬಾರದು. ಇದ್ದರೆ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಇನ್ನು, ಮಾಸ್ಟರ್ ಸಿಲಿಂಡರಿನ ಒಳಗಿನ ಅಗಲ ಹೆಚ್ಚಿದರೆ ಪೆಡಲ್ ಗಟ್ಟಿಯಾಗಿ ಮೇಲೇ ನಿಲ್ಲುತ್ತದೆ, ಆದರೆ ಕಾಲಿಗೆ ಬಲ ಜಾಸ್ತಿ ಬೇಕು. ಅಗಲ ಕಮ್ಮಿಯಾದರೆ ಪೆಡಲ್ ಕೆಳಗೆ ಹೋಗುತ್ತದೆ. ಡಿಸ್ಕ್ ಮಾಡೆಲಿನಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಾಕಿ.

ಬಿಚ್ಚುವುದು

ಹಿಂದಿನ ದಿನವೇ ಎಲ್ಲ ನಟ್, ಬೋಲ್ಟ್, ಪೈಪ್ ಜಾಯಿಂಟಿಗೆ ತುಕ್ಕು ಬಿಡಿಸುವ ಆಯಿಲ್ ಹೊಡೆದು ಬಿಡಿ. ಶೂ ಮೇಲೆ ಬಿದ್ದರೂ ಪರವಾಗಿಲ್ಲ, ಹೇಗೂ ಹೋಗುವ ಶೂ. ಆದರೆ ಅದಾದ ಮೇಲೆ ಕಾರನ್ನು ರಸ್ತೆಗೆ ತೆಗೆಯಬೇಡಿ.

ಗಟ್ಟಿ ಸಮತಟ್ಟು ನೆಲ ಇರಲಿ. ಈ ಕೆಲಸದಲ್ಲಿ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಹಾಗಾಗಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಗಟ್ಟಿಯಾಗಿ ಅಡ್ಡ ಕೊಡಿ, ಗೇರಿನಲ್ಲಿ ನಿಲ್ಲಿಸಿ. ಚಕ್ರದ ನಟ್ಟುಗಳನ್ನು, ಹಬ್ಬಿನ ನಡುವಿನ ದೊಡ್ಡ ನಟ್ಟನ್ನು ಕಾರು ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಳ್ಳಿ. ಆಮೇಲೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಕೈ ಹಾಕಬೇಡಿ.

ಹಳೆ ಶೂಗಳ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೆದು, ಬ್ರಷ್ಷಿನಲ್ಲಿ ಒರೆಸಿ ಹಾರಿಸಬೇಡಿ. ಬ್ರೇಕ್ ಕ್ಲೀನರ್ ಅಥವಾ ನೀರು ಹಾಕಿ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಚೀಲಕ್ಕೆ ಹಾಕಿ ಕಟ್ಟಿ. ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ.

ಡ್ರಮ್ ಬರದಿದ್ದರೆ ಸುತ್ತಿಗೆ ಎತ್ತುವ ಮೊದಲು ಎರಡು ಉಪಾಯ ಇವೆ. ಸವೆದ ಡ್ರಮ್ಮಿನ ಒಳ ಅಂಚಿನಲ್ಲಿ ಒಂದು ದಂಡೆ ಎದ್ದಿರುತ್ತದೆ, ಶೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ತಗಡಿನ ತೂತಿನಿಂದ ಸ್ಕ್ರೂ ಡ್ರೈವರ್ ಹಾಕಿ, ಶೂಗಳ ಅಂತರ ಹೊಂದಿಸುವ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ ಶೂ ಒಳಗೆ ಸರಿಯುವಂತೆ ಮಾಡಿ. ಇನ್ನೊಂದು, ಹಲವು ಡ್ರಮ್ಮುಗಳ ಮುಖದ ಮೇಲೆ ಥ್ರೆಡ್ ಇರುವ ಎರಡು ತೂತು ಇರುತ್ತವೆ. ಅಳತೆಗೆ ಸರಿಯಾದ ಎರಡು ಬೋಲ್ಟ್ ಹಾಕಿ ಒಂದರ ನಂತರ ಒಂದನ್ನು ಕಾಲು ಸುತ್ತು ತಿರುಗಿಸುತ್ತಾ ಹೋದರೆ ಡ್ರಮ್ ತಾನಾಗಿ ಹಬ್ಬಿನಿಂದ ಎದ್ದು ಬರುತ್ತದೆ.

ಬ್ರೇಕ್ ಪೈಪಿನ ನಟ್ ಬಿಚ್ಚಲು ಮಾಮೂಲಿ ಸ್ಪ್ಯಾನರ್ ಬೇಡ. ನಟ್ಟಿನ ಬಹುತೇಕ ಸುತ್ತನ್ನೂ ಹಿಡಿಯುವ, ಪೈಪ್ ತೂರಿಸಲು ಒಂದು ಬದಿ ಸೀಳಿರುವ ಫ್ಲೇರ್ ಸ್ಪ್ಯಾನರ್ ಬೇಕು. ಮೆತ್ತಗಿನ ನಟ್ ಒಮ್ಮೆ ಉರುಟಾದರೆ ಇಡೀ ಪೈಪ್ ಬದಲಿಸಬೇಕಾಗುತ್ತದೆ. ಬಿಚ್ಚಿದ ಕೂಡಲೇ ಪೈಪಿನ ಬಾಯಿಗೆ ರಬ್ಬರ್ ಟೋಪಿ ಹಾಕಿ. ಚೆಲ್ಲಿದ ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಶೂ, ಸ್ಪ್ರಿಂಗ್, ವೀಲ್ ಸಿಲಿಂಡರ್, ಹ್ಯಾಂಡ್ ಬ್ರೇಕ್ ಕೇಬಲ್ ತೆಗೆದ ಮೇಲೆ ಹಿಂದಿನ ತಗಡು ಉಳಿಯುತ್ತದೆ. ಅದನ್ನು ಹಿಡಿದಿರುವ ಬೋಲ್ಟುಗಳೇ ಹಲವು ಕಾರಿನಲ್ಲಿ ಸ್ಟಬ್ ಆಕ್ಸಲನ್ನೂ ಹಿಡಿದಿರುತ್ತವೆ. ಒಂದು ಬದಿಯನ್ನು ಪೂರ್ತಿ ಮುಗಿಸುವವರೆಗೆ ಇನ್ನೊಂದು ಬದಿ ಮುಟ್ಟಬೇಡಿ. ಯಾವುದು ಎಲ್ಲಿತ್ತು ಎಂದು ಮರೆತಾಗ ಪಕ್ಕದ ಚಕ್ರವೇ ನಿಮ್ಮ ಪುಸ್ತಕ.

ಜೋಡಿಸುವುದು

ಬ್ರಾಕೆಟ್ ಮತ್ತು ಹಬ್ ಕೂರುವ ಮುಖಗಳನ್ನು ತಂತಿ ಬ್ರಷ್ ಹಾಕಿ ಬೆಳ್ಳಗೆ ಉಜ್ಜಿ. ಇಲ್ಲಿ ಸೋಮಾರಿತನ ಮಾಡಿದರೆ ಆಮೇಲೆ ಪೆಡಲಿನಲ್ಲಿ ಅದುರುತ್ತದೆ. ತುಕ್ಕಿನ ಒಂದು ಸಣ್ಣ ಚಕ್ಕೆ ಹಬ್ಬಿನ ಮೇಲೆ ಉಳಿದರೂ ಡಿಸ್ಕ್ ಓರೆಯಾಗಿ ಕೂರುತ್ತದೆ. ಡಿಸ್ಕನ್ನು ನಟ್ ಹಾಕಿ ಬಿಗಿ ಮಾಡಿ, ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ. ಓಲಾಟ 0.1 ಮಿಲಿಮೀಟರಿಗಿಂತ ಕಡಿಮೆ ಇರಲಿ. ಜಾಸ್ತಿ ಇದ್ದರೆ ಡಿಸ್ಕನ್ನು ಒಂದು ಬೋಲ್ಟ್ ಮುಂದೆ ತಿರುಗಿಸಿ ಹಾಕಿ ಮತ್ತೆ ನೋಡಿ.

ಹಬ್ಬಿನ ನಟ್ ಬಿಗಿ ಮಾಡುವುದರಲ್ಲಿ ಎರಡು ಪಂಥ ಇವೆ, ಬೆರೆಸಬೇಡಿ. ಒಂದೇ ಗಂಟಾಗಿ ಬರುವ ಬೇರಿಂಗ್ ಇದ್ದರೆ ಹೊಸ ನಟ್ ಹಾಕಿ ಮ್ಯಾನುಯಲ್ ಹೇಳಿದ ಭಾರೀ ಬಿಗಿತಕ್ಕೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಬೇಕು. ಹಳೆ ಗಾಲ್ಫ್ ಥರ ಒಳಗೊಂದು ಹೊರಗೊಂದು ಓರೆ ರೋಲರ್ ಬೇರಿಂಗ್ ಇದ್ದರೆ ಅಷ್ಟು ಬಿಗಿ ಮಾಡಿದರೆ ಬೇರಿಂಗ್ ಸುಟ್ಟೇ ಹೋಗುತ್ತದೆ. ಅಲ್ಲಿ ಡಿಸ್ಕ್ ತಿರುಗಿಸುತ್ತಾ ಬಿಗಿ ಮಾಡಿ, ಆಮೇಲೆ ಸಡಿಲ ಮಾಡುತ್ತಾ ಬರಬೇಕು. ನಟ್ಟಿನ ಹಿಂದಿನ ವಾಷರ್ ಸ್ಕ್ರೂ ಡ್ರೈವರ್ ತುದಿಯಿಂದ ಬೆರಳಿನ ಬಲಕ್ಕೆ ಚೂರೇ ಸರಿದಾಡಿದರೆ ಸರಿ. ಆಮೇಲೆ ಹೊಸ ಕಾಟರ್ ಪಿನ್.

ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಹೊರತೆಗೆದು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಹಳೆ ಕ್ಯಾಲಿಪರಿನ ಪಿಸ್ಟನ್ನಿನ ಸುತ್ತಲಿನ ರಬ್ಬರ್ ಹರಿದಿದ್ದರೆ, ಅಥವಾ ಒಳಗೆ ತುಕ್ಕು ಕಂಡರೆ ಅದನ್ನು ಹಾಕಲೇಬೇಡಿ.

ಈಗ ಪಿಸ್ಟನ್ ಒಳಗೆ ತಳ್ಳುವ ವಿಷಯ. ಇದನ್ನು ಗಮನವಿಟ್ಟು ಓದಿ. ಮುಂದಿನ ಕ್ಯಾಲಿಪರಿನ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ನೇರ ತಳ್ಳುತ್ತೇವೆ. ಹ್ಯಾಂಡ್ ಬ್ರೇಕ್ ಒಳಗೇ ಇರುವ ಹಿಂದಿನ ಕ್ಯಾಲಿಪರಿಗೆ ಹಾಗೆ ಮಾಡಿದರೆ ಒಳಗಿನ ಸ್ಕ್ರೂ ಮುರಿಯುತ್ತದೆ. ಅಲ್ಲಿ ಪಿಸ್ಟನ್ನಿನ ಮುಖದ ಮೇಲೆ ಅಡ್ಡ ಗೆರೆಯಂಥ ಕಚ್ಚುಗಳಿರುತ್ತವೆ. ಅದಕ್ಕೆ ಹೊಂದುವ ಟೂಲ್ ಹಾಕಿ, ಒತ್ತುತ್ತಾ ತಿರುಗಿಸಬೇಕು. ಬಹುತೇಕ ಕಾರಿನಲ್ಲಿ ಗಡಿಯಾರದ ದಿಕ್ಕು, ಕೆಲವುದರಲ್ಲಿ ಎಡ ಬಲಕ್ಕೆ ಬೇರೆ ಬೇರೆ. ತಿರುಗಿಸುವಾಗ ಪಿಸ್ಟನ್ನಿನ ಸುತ್ತಲಿನ ರಬ್ಬರ್ ಮುರುಟಿಕೊಳ್ಳದ ಹಾಗೆ ನೋಡಿಕೊಳ್ಳಿ. ಪೂರ್ತಿ ಒಳಗೆ ಹೋದ ಮೇಲೆ ಆ ಕಚ್ಚುಗಳನ್ನು ಪ್ಯಾಡಿನ ಹಿಂದಿನ ಮೊಳೆಯಂಥ ಉಬ್ಬಿಗೆ ಸರಿಯಾಗಿ ನಿಲ್ಲಿಸಿ. ಆ ಉಬ್ಬು ಕಚ್ಚಿನೊಳಗೆ ಕೂತರೆ ಪಿಸ್ಟನ್ ತಿರುಗುವುದಿಲ್ಲ, ಆಗಲೇ ಹ್ಯಾಂಡ್ ಬ್ರೇಕ್ ತಾನಾಗಿ ಹೊಂದಿಕೊಳ್ಳುವುದು. ಹೊರಗೆ ಉಳಿದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ.

ಹೋಸ್ ಕಟ್ಟುವ ಬ್ಯಾಂಜೋ ಬೋಲ್ಟಿನ ಎರಡೂ ಬದಿಗೆ ಹೊಸ ತಾಮ್ರದ ವಾಷರ್ ಹಾಕಿ. ಹಳೆಯದು ಒಂದು ಸಲ ಅಮುಕಿಕೊಂಡದ್ದು, ಮತ್ತೆ ಸರಿಯಾಗಿ ಹಿಡಿಯುವುದಿಲ್ಲ. ಹೊಸ ಪೈಪ್ ಮಾಡಬೇಕಾದರೆ ತುದಿಯ ಆಕಾರ ನೋಡಿ. ಒಳಮಡಚಿದ ಎರಡು ಪದರದ ಫ್ಲೇರ್ ಬೇರೆ, ಗುಳ್ಳೆಯಂಥ ಫ್ಲೇರ್ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಮೊದಲು ಸೋರದೇ ಇದ್ದು ಆಮೇಲೆ ಕೈ ಕೊಡಬಹುದು. ಎರಡು ತುಂಡು ಪೈಪನ್ನು ಒತ್ತಿ ಕೂಡಿಸುವ ಕಂಪ್ರೆಶನ್ ಜಾಯಿಂಟ್ ಬ್ರೇಕಿನಲ್ಲಿ ಎಂದಿಗೂ ಬೇಡ.

ಎಲ್ಲ ಕಟ್ಟಿದ ಮೇಲೆ ಜಾಕ್ ಹಾಕಿ ಹಿಂದಿನ ಚಕ್ರವನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿ. ಹೋಸ್ ಎಲ್ಲೂ ಬಿಗಿದುಕೊಳ್ಳಬಾರದು, ಎಲ್ಲೂ ಉಜ್ಜಬಾರದು. ಕೇಬಲ್ ಸೈಲೆನ್ಸರ್ ಪೈಪಿನಿಂದ ದೂರ ಇರಲಿ.

ಏರ್ ತೆಗೆಯುವುದು

ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಒಂದು ಇಡೀ ಸಂಜೆ ಇಲ್ಲೇ ಹೋಯಿತು. ಎಷ್ಟು ಸಲ ಏರ್ ತೆಗೆದರೂ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿತ್ತು. ಗಾಳಿ ಬಿಡಲೆಂದು ಕ್ಯಾಲಿಪರಿನಲ್ಲಿರುವ ನಿಪ್ಪಲ್‌ನಿಂದ ಬರುವ ಆಯಿಲ್‌ನಲ್ಲಿ ಗುಳ್ಳೆಯೇ ಇಲ್ಲ. ಮಾಸ್ಟರ್ ಸಿಲಿಂಡರ್ ಹೋಗಿದೆ ಎಂದುಕೊಂಡೆ. ಕೊನೆಗೆ ಟಾರ್ಚ್ ಹಿಡಿದು ಚಕ್ರದ ಮುಂದೆ ಕೂತು ನೋಡಿದರೆ ನಿಪ್ಪಲ್ ನೆಲದ ಕಡೆ ಮುಖ ಮಾಡಿತ್ತು. ಎಡಗಡೆಯ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದೆ. ಬೋಲ್ಟ್ ತೂತುಗಳು ಎರಡೂ ಕಡೆ ಹೊಂದುತ್ತವೆ, ಅದಕ್ಕೇ ಗೊತ್ತಾಗಲಿಲ್ಲ. ಗಾಳಿ ಯಾವಾಗಲೂ ಮೇಲಕ್ಕೇ ಹೋಗಿ ಕೂರುತ್ತದೆ. ನಿಪ್ಪಲ್ ಕೆಳಗಿದ್ದರೆ ಬರುವುದು ಆಯಿಲ್ ಮಾತ್ರ, ಗಾಳಿ ಮೇಲೆ ಹಾಗೇ ಉಳಿಯುತ್ತದೆ. ಎಡ ಬಲ ಬದಲಿಸಿದ ಮೇಲೆ ಹತ್ತು ನಿಮಿಷದಲ್ಲಿ ಪೆಡಲ್ ಕಲ್ಲಿನ ಹಾಗೆ ನಿಂತಿತು. ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿದೆಯಾ ಎಂದು ಹೋಸ್ ಕಟ್ಟುವ ಮುಂಚೆಯೇ ನೋಡಿಬಿಡಿ.

ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಕ್ಯಾಪಿನ ಮೇಲೆ ಬರೆದಿರುವ ದರ್ಜೆಯ, ಸೀಲ್ ಒಡೆಯದ ಹೊಸ ಆಯಿಲ್ ಬಳಸಿ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯಲ್ಲಿ, ಡಾಟ್ 4 ಕನಿಷ್ಠ 230 ಡಿಗ್ರಿಯಲ್ಲಿ ಕುದಿಯುತ್ತದೆ. ಗಾಳಿಯ ತೇವ ಹೀರಿದ ಮೇಲೆ ಅದು 140, 155ಕ್ಕೆ ಇಳಿಯಬಹುದು. ತೆರೆದಿಟ್ಟ ಹಳೆ ಡಬ್ಬಿ ಬೇಡ ಎನ್ನುವುದು ಇದಕ್ಕೇ. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್. ಅದನ್ನು ಇವುಗಳ ಜೊತೆ ಬೆರೆಸಬಾರದು. ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ.

ಯಾವ ಚಕ್ರದಿಂದ ಶುರು ಮಾಡಬೇಕು ಎಂಬುದು ಪೈಪ್ ಹೋದ ರೀತಿಯ ಮೇಲಿದೆ. ಮ್ಯಾನುಯಲ್ ಹೇಳಿದ ಕ್ರಮ ಹಿಡಿಯಿರಿ. ಒಬ್ಬರು ಪೆಡಲ್ ನಿಧಾನವಾಗಿ ಒತ್ತಿ ಹಿಡಿಯಲಿ, ನೀವು ನಿಪ್ಪಲ್ ಬಿಚ್ಚಿ, ಆಯಿಲ್ ಬಂದ ಮೇಲೆ ಮುಚ್ಚಿ, ಆಮೇಲೆ ಅವರು ಕಾಲು ಬಿಡಲಿ. ಹಳೆ ಮಾಸ್ಟರ್ ಸಿಲಿಂಡರ್ ಇದ್ದರೆ ಪೆಡಲನ್ನು ಪೂರ್ತಿ ನೆಲಕ್ಕೆ ಒತ್ತಬೇಡಿ. ಎಂದೂ ಹೋಗದ ತುಕ್ಕಿನ ಜಾಗಕ್ಕೆ ರಬ್ಬರ್ ಹೋಗಿ ಹರಿಯುತ್ತದೆ. ಕೆಳಗೊಂದು ಮರದ ತುಂಡು ಇಡಿ. ಆಕ್ಸಲಿಗೆ ಕಡ್ಡಿ ಕಟ್ಟಿದ ವಾಲ್ವ್ ಇರುವ ಕಾರಿನಲ್ಲಿ ಚಕ್ರಗಳು ಜೋತಾಡುತ್ತಿದ್ದರೆ ಹಿಂದಕ್ಕೆ ಆಯಿಲ್ ಸರಿಯಾಗಿ ಹೋಗುವುದಿಲ್ಲ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಭಾರ ಕೂರಿಸಿ.

ಸೋರುವಿಕೆ ನೋಡಲು ಇಂಜಿನ್ ಚಾಲೂ ಮಾಡಿ ಪೆಡಲನ್ನು ಒಂದು ನಿಮಿಷ ಜೋರಾಗಿ ಒತ್ತಿ ಹಿಡಿಯಿರಿ. ಪ್ರತಿ ಜಾಯಿಂಟಿಗೂ ಒಣ ಕಾಗದ ಒತ್ತಿ ನೋಡಿ. ತೇವ ಕಾಣಿಸಿದರೆ ಮತ್ತೆ ಬಿಚ್ಚಿ.

ಹ್ಯಾಂಡ್ ಬ್ರೇಕ್

ಡಿಸ್ಕ್ ಹಾಕಿದವರ ದೂರು ಹೆಚ್ಚಾಗಿ ಇದರದ್ದೇ. ಕಾರಣ ಒಂದೇ: ಕ್ರಮ ತಪ್ಪಿರುತ್ತದೆ. ಕೇಬಲ್ ಪೂರ್ತಿ ಸಡಿಲ ಇಟ್ಟುಕೊಂಡು ಮೊದಲು ಕಾಲಿನ ಬ್ರೇಕನ್ನು ಮೂವತ್ತು ನಲವತ್ತು ಸಲ ಒತ್ತಿ ಬಿಡಿ. ಆಗ ಕ್ಯಾಲಿಪರಿನ ಒಳಗಿನ ಸ್ಕ್ರೂ ಪ್ಯಾಡನ್ನು ಡಿಸ್ಕಿನ ಹತ್ತಿರಕ್ಕೆ ತರುತ್ತದೆ. ಅದಾದ ಮೇಲೆ ಕೇಬಲ್ ಬಿಗಿ ಮಾಡಿ. ಹ್ಯಾಂಡ್ ಬ್ರೇಕ್ ಬಿಟ್ಟಾಗ ಕ್ಯಾಲಿಪರಿನ ಪುಟ್ಟ ಲಿವರ್ ತನ್ನ ತಡೆಗೆ ಪೂರ್ತಿ ಬಂದು ತಾಗಬೇಕು. ಒಂದು ಕೂದಲೆಳೆ ಎದ್ದಿದ್ದರೂ ತಾನಾಗಿ ಹೊಂದಿಕೊಳ್ಳುವ ಕೆಲಸ ನಿಂತುಹೋಗುತ್ತದೆ. ಹಾಗಾಗಿ ಬಿಗಿ ಕಮ್ಮಿ ಅನ್ನಿಸಿದರೆ ಕೇಬಲ್ ಎಳೆಯುವ ಮುಂಚೆ ಮತ್ತೆ ಪೆಡಲ್ ಒತ್ತಿ ನೋಡಿ.

ಕೆಲವು ಕಾರುಗಳಲ್ಲಿ ಡಿಸ್ಕಿನ ಟೋಪಿಯೊಳಗೆ ಹ್ಯಾಂಡ್ ಬ್ರೇಕಿಗೆಂದೇ ಪುಟ್ಟ ಶೂಗಳಿರುತ್ತವೆ. ಅಡ್ಜಸ್ಟರ್ ತಿರುಗಿಸಿ ಅವನ್ನು ಡಿಸ್ಕಿಗೆ ತಾಗುವವರೆಗೆ ಅಗಲಿಸಿ, ಆಮೇಲೆ ನಾಲ್ಕೈದು ಹಲ್ಲು ಹಿಂದಕ್ಕೆ ತಿರುಗಿಸಿದರೆ ಸಾಕು. ಹಳೆ ಡ್ರಮ್ಮಿನ ಕೇಬಲನ್ನು ಹೇಗಾದರೂ ಹೊಂದಿಸೋಣ ಎಂದು ಕತ್ತರಿಸಿ ಕ್ಲ್ಯಾಂಪ್ ಹಾಕಬೇಡಿ. ಉದ್ದವೂ ಬೇರೆ, ತುದಿಯೂ ಬೇರೆ.

ಇಳಿಜಾರಿನಲ್ಲಿ ಮೂತಿ ಮೇಲೆ ಮಾಡಿ ಒಮ್ಮೆ, ಕೆಳಗೆ ಮಾಡಿ ಒಮ್ಮೆ ನಿಲ್ಲಿಸಿ ನೋಡಿ. ಬಿಸಿ ಡಿಸ್ಕ್ ತಣ್ಣಗಾದರೆ ಕುಗ್ಗುತ್ತದೆ, ಹಿಡಿತ ಸ್ವಲ್ಪ ಬಿಡುತ್ತದೆ. ಉದ್ದ ಇಳಿಜಾರು ಇಳಿದು ನಿಲ್ಲಿಸಿದಾಗ ಗೇರಿನಲ್ಲೂ ಬಿಡಿ.

ರಸ್ತೆಗೆ

ಮೊದಲು ನಡೆದಾಡುವ ವೇಗ. ಪೆಡಲ್ ಮೇಲೇ ನಿಲ್ಲುತ್ತದಾ, ಕಾರು ಒಂದು ಕಡೆ ಎಳೆಯುತ್ತದಾ ನೋಡಿ. ಸರಿ ಇದ್ದರೆ ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 15ಕ್ಕೆ, ಮಧ್ಯಮ ಬಲದಲ್ಲಿ, ಎಂಟು ಹತ್ತು ಸಲ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಆಮೇಲೆ ಐದಾರು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಬಿಸಿ ಇರುವಾಗ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದರೆ ಪ್ಯಾಡಿನ ಗುರುತು ಡಿಸ್ಕಿನ ಮೇಲೆ ಉಳಿದು ಅದುರುತ್ತದೆ.

ಇನ್ನು ಮುಖ್ಯವಾದ ಪರೀಕ್ಷೆ. ಯಾರೂ ಇಲ್ಲದ, ಸುತ್ತಲೂ ಬಯಲಿರುವ ಜಾಗ. ಕಾರು ಖಾಲಿ ಇರಲಿ, ಯಾಕೆಂದರೆ ಆಗಲೇ ಬಾಲ ಹಗುರ. ಒಬ್ಬರು ದೂರದಲ್ಲಿ ಪಕ್ಕಕ್ಕೆ ನಿಂತು ಚಕ್ರ ನೋಡಲಿ. 20 ಕಿಲೋಮೀಟರ್ ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿ. ಆಮೇಲೆ 30, ಆಮೇಲೆ 40. ಮೊದಲು ಒಣ ನೆಲ, ಆಮೇಲೆ ಒದ್ದೆ ನೆಲ. ಪ್ರತಿ ಸಲವೂ ಮುಂದಿನ ಚಕ್ರವೇ ಮೊದಲು ಲಾಕ್ ಆಗಬೇಕು. ಒಂದೇ ಒಂದು ಸಲ ಹಿಂದಿನದು ಮೊದಲು ನಿಂತರೂ ಆ ಕಾರು ರಸ್ತೆಗೆ ತಯಾರಿಲ್ಲ. ವಾಲ್ವ್ ಅಥವಾ ಕ್ಯಾಲಿಪರ್ ಲೆಕ್ಕಕ್ಕೆ ವಾಪಸ್ ಹೋಗಿ. ಬ್ರೇಕ್ ರೋಲರ್ ಇರುವ ತಪಾಸಣೆ ಕೇಂದ್ರ ಸಿಕ್ಕರೆ ಇನ್ನೂ ಒಳ್ಳೆಯದು, ಎಡ ಬಲದ ಅಂಕಿ ಎದುರಿಗೇ ಬರುತ್ತದೆ.

ಹದಿನೈದು ನಿಮಿಷ ಸುತ್ತಾಡಿ ಬಂದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಹಿಂದಿನ ಎರಡು ಡಿಸ್ಕಿನ ಬಿಸಿ ಅಳೆಯಿರಿ. ಒಂದು ಬದಿ ಬಹಳ ಬಿಸಿ ಇದ್ದರೆ ಪಿನ್ ಹಿಡಿದುಕೊಂಡಿದೆ ಅಥವಾ ಕೇಬಲ್ ಬಿಗಿಯಾಗಿದೆ. 100 ಕಿಲೋಮೀಟರ್ ಆದ ಮೇಲೆ ಬ್ರಾಕೆಟ್ ಬೋಲ್ಟ್, ಚಕ್ರದ ನಟ್ಟುಗಳಿಗೆ ಮತ್ತೆ ಟಾರ್ಕ್ ರೆಂಚ್ ಇಟ್ಟು ನೋಡಿ. 500 ಆದ ಮೇಲೆ ಚಕ್ರ ಬಿಚ್ಚಿ ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಒಂದೇ ಸಮ ಸವೆದಿವೆಯಾ ನೋಡಿ, ಹೋಸ್ ಮೇಲೆ ಉಜ್ಜಿದ ಹೊಳಪು ಇದೆಯಾ ಎಂದು ಬೆರಳಾಡಿಸಿ. ಡಬ್ಬಿಯ ಆಯಿಲ್ ಮಟ್ಟಕ್ಕೆ ಒಂದು ಗೆರೆ ಎಳೆದಿಡಿ. ಪ್ಯಾಡ್ ಸವೆದಂತೆ ಅದು ನಿಧಾನವಾಗಿ ಇಳಿಯುವುದು ಸಹಜ. ಒಂದು ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಅದು ಸಿಗುವವರೆಗೆ ಕಾರು ತೆಗೆಯಬೇಡಿ.